ಸೊನ್ನೆ ಮೇಸ್ತ್ರಿಯ ಇಪ್ಪತ್ತೈದು ಕಿಲೋಮೀಟರು

ಹೆತ್ತವರು ಇಟ್ಟ ಹೆಸರು ಈಗ ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವನು ಸೊನ್ನೆ ಮೇಸ್ತ್ರಿ. ಕೆಲಸದಲ್ಲಿ ಸೊನ್ನೆ ಎಂದಲ್ಲ. ಹಾಗೆಂದುಕೊಂಡು ನಕ್ಕವರೆಲ್ಲ ತಮ್ಮ ಗಾಡಿ ಕೈಕೊಟ್ಟ ದಿನ ಅವನ ಶೆಡ್ಡಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಮೋಟಾರ್‌ಸೈಕಲ್ಲಿನ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದರೆ, ಕೊನೆಗೆ ಮೀಟರನ್ನೂ ಬಿಚ್ಚಿ ಅದರೊಳಗಿನ ಅಂಕಿಗಳನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿ ಸೊನ್ನೆಗೆ ತಂದು ನಿಲ್ಲಿಸುವುದು ಅವನ ಪದ್ಧತಿ. "ಎಂಜಿನ್ ಇವತ್ತು ಹುಟ್ಟಿದೆ. ಇವತ್ತಿಂದ ಲೆಕ್ಕ ಇಡಿ, ಐನೂರು ಕಿಲೋಮೀಟರಿಗೆ ಆಯಿಲ್ ಬದಲಿಸಿ" ಎನ್ನುತ್ತಾನೆ. ಗಾಡಿ ಮಾರಬೇಕು, ಅದಕ್ಕೊಂದು ಸೊನ್ನೆ ಮಾಡಿಕೊಡಿ ಎಂದು ಬಂದವರನ್ನು ಮಾತ್ರ ಬಾಗಿಲಲ್ಲೇ ಅಟ್ಟುತ್ತಾನೆ. ಮೂವತ್ತನಾಲ್ಕು ವರ್ಷ ಹೀಗೇ ನಡೆದಿದೆ. ಆ ಬೆರಳುಗಳಿಗೆ ಈಗ ಯಜಮಾನನ ಅಪ್ಪಣೆಯೇ ಬೇಕಿಲ್ಲ.

ನರ್ಸಮ್ಮ ಸಾಮಾನು ಸಾಗಿಸುವ ಟೆಂಪೋದಲ್ಲಿ ಒಂದು ಹಳೆಯ ಮೋಟಾರ್‌ಸೈಕಲ್ಲನ್ನು ತಂದು ಇಳಿಸಿದಾಗ ಅವರು ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಗಾಡಿ ಅವರ ತಮ್ಮನದು. ಮೂವತ್ತೆಂಟು ವರ್ಷದ ಹಿಂದೆ, ಅವನಿಗೆ ಇಪ್ಪತ್ತು ತುಂಬಿದ ವರ್ಷ ಕೊಂಡದ್ದು. ಎಂಟು ತಿಂಗಳು ಓಡಿಸಿದ. ಆಮೇಲೆ ಒಂದು ಜ್ವರ ಬಂತು, ಒಂಬತ್ತು ದಿನದಲ್ಲಿ ಹೋಗಿಬಿಟ್ಟ. ಅಂದಿನಿಂದ ಗಾಡಿ ಟಾರ್ಪಾಲಿನ ಕೆಳಗೇ ಇತ್ತು.

"ಒಂದು ಸಲ ಇದರ ಶಬ್ದ ಕೇಳಬೇಕು ಮೇಸ್ತ್ರಿ. ಏನು ಬೇಕಾದ್ರೂ ಬದಲಾಯಿಸಿ. ಮೀಟರಲ್ಲಿರೋ ಅಂಕಿ ಮಾತ್ರ ಮುಟ್ಟಬೇಡಿ. ಅದು ಅವನು ಓಡಿಸಿದ್ದು."

"ಮುಟ್ಟಲ್ಲ ಸಿಸ್ಟರ್" ಎಂದ ಮೇಸ್ತ್ರಿ. ಅವರ ಎದುರಿಗೇ ಮೀಟರಿನ ಕುತ್ತಿಗೆಗೆ ಒಂದು ಕೆಂಪು ವೈರನ್ನು ಗುರುತಿಗೆ ಕಟ್ಟಿದ.

ಅಂಕಿ ಕಡಿಮೆ ಎಂದರೆ ಗಾಡಿ ಹೊಸದು ಎಂದು ತಿಳಿಯುವವರು ಪುಣ್ಯವಂತರು. ಕೂತ ಕಬ್ಬಿಣಕ್ಕೆ ತುಕ್ಕೇ ಗತಿ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕಲ್ಲಾಗಿತ್ತು. ವೈರುಗಳನ್ನೆಲ್ಲ ಇಲಿ ತಿಂದು ಏರ್ ಫಿಲ್ಟರಿನ ಡಬ್ಬಿಯಲ್ಲಿ ಸಂಸಾರ ಹೂಡಿ, ಮಕ್ಕಳು ಮರಿ ಕಂಡು, ಮನೆ ಖಾಲಿ ಮಾಡಿಯೂ ಹೋಗಿತ್ತು. ಈ ಕಂಪನಿ ಮುಚ್ಚಿ ಎಷ್ಟೋ ಕಾಲವಾದ್ದರಿಂದ ಹೊಸ ಬಿಡಿಭಾಗ ಸಿಗುವ ಮಾತೇ ಇಲ್ಲ. ಮೇಸ್ತ್ರಿ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಅದೇ ಮಾದರಿಯ ಇನ್ನೊಂದನ್ನು ಹುಡುಕಿ ತಂದ. ಅದರ ಮೀಟರಿನಲ್ಲಿ ಎಂಬತ್ತೆರಡು ಸಾವಿರ ಇತ್ತು. ಅದಕ್ಕೆ ದಾನಿ ಎಂದು ಹೆಸರಿಟ್ಟ.

ಅವನ ಹೆಂಡತಿ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಗಾಡಿಗಳ ಸೀಟು ಹೊಲಿಯುವವಳು. ಅವಳ ಸೂಜಿಗಿಂತ ನಾಲಿಗೆ ಚೂಪು. ಎರಡೂ ಗಾಡಿಗಳನ್ನು ಒಮ್ಮೆ ನೋಡಿ ಹೇಳಿದಳು: "ಒಂದು ಓಡಿ ಓಡಿ ಸತ್ತಿದೆ, ಇನ್ನೊಂದು ಕೂತು ಕೂತು ಸತ್ತಿದೆ. ಎರಡು ಹೆಣ ಸೇರಿಸಿ ಒಂದು ಜೀವ ಮಾಡ್ತೀರಾ?"

ಮಾಡಿದ. ನಾಲ್ಕು ತಿಂಗಳು ಹಿಡಿಯಿತು. ದಾನಿಯ ಕಾರ್ಬ್ಯುರೇಟರು, ಕ್ಲಚ್ಚು, ಹಿಂದಿನ ಚಕ್ರದ ಹಬ್ಬು ಒಂದೊಂದಾಗಿ ಇತ್ತ ಬಂದವು. ಉಳಿದದ್ದು ಮೀಟರು. ಅದರ ಮುಳ್ಳು ಅಲ್ಲಾಡುತ್ತಿರಲಿಲ್ಲ, ಒಳಗಿನ ಹಲ್ಲುಚಕ್ರ ಮುರಿದಿತ್ತು. ಮೇಸ್ತ್ರಿ ಫೋನ್ ಮಾಡಿ ಕೇಳಿದ. "ಬಿಚ್ಚಿ. ಅಂಕಿ ಜೋಪಾನ" ಎಂದರು ನರ್ಸಮ್ಮ. ಜೋಪಾನ ಎಂದು ಇವನೂ ಎರಡು ಸಲ ಹೇಳಿದ.

ಬುಧವಾರ ಮಧ್ಯಾಹ್ನ ದಾನಿಯ ಮೀಟರಿನಿಂದ ಹಲ್ಲುಚಕ್ರ ತೆಗೆದು ನರ್ಸಮ್ಮನ ಮೀಟರಿಗೆ ಕೂರಿಸಿದ. ಚಿಮಟ ಆಡಿಸಲು ಅಡ್ಡವೆಂದು ಕೆಂಪು ವೈರನ್ನು ಆಗಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಹೆಂಡತಿ ಸೀಟಿನ ಅಂಚಿಗೆ ಬಿಳಿ ಪಟ್ಟಿ ಬೇಕೋ ಬೇಡವೋ ಎಂದಳು. ಬೇಕು ಎಂದ. ಹಳೆಯದರಲ್ಲಿ ಇರಲಿಲ್ಲವಲ್ಲ ಎಂದಳು. ಇತ್ತು, ಬಣ್ಣ ಹೋಗಿದೆ ಎಂದ. ಮಾತಿಗೆ ಮಾತು ಬೆಳೆಯಿತು. ಗೆದ್ದೆನೆಂಬ ಖುಷಿಯಲ್ಲಿ ಮೀಟರಿನ ಗಾಜು ಮುಚ್ಚಲು ಹೋದಾಗ ಅದರೊಳಗೆ ಐದು ಸೊನ್ನೆಗಳು ಸಾಲಾಗಿ ಕೂತಿದ್ದವು. ಬೆರಳುಗಳು ತಮ್ಮ ಕೆಲಸ ಮುಗಿಸಿ ಹಾಯಾಗಿದ್ದವು.

ಮೇಸ್ತ್ರಿ ಗಾಜನ್ನು ಕೆಳಗಿಟ್ಟು ಕುರ್ಚಿಯ ಮೇಲೆ ಕುಸಿದ.

"ಏನಾಯ್ತು ರೀ?"

"ಸೊನ್ನೆ ಮಾಡಿಬಿಟ್ಟೆ."

ಹೆಂಡತಿ ಯಂತ್ರ ನಿಲ್ಲಿಸಿದಳು. "ಎಷ್ಟಿತ್ತು?"

ಅದೇ ತಾನೇ ಗೊತ್ತಿಲ್ಲದ್ದು. ಮೂರು ಸಾವಿರದ ನಾನ್ನೂರು ಎನ್ನುವುದು ಕಣ್ಣಿಗೆ ಕಟ್ಟಿದ ಹಾಗಿದೆ, ಅದರ ಮುಂದಿನದು ಮಸಕು. ಬರೆದಿಡುವ ಅಭ್ಯಾಸ ಅವನಿಗೆ ಎಂದೂ ಇಲ್ಲ. ಸೊನ್ನೆ ಮಾಡುವವನಿಗೆ ಹಳೆಯ ಅಂಕಿಯ ಗೊಡವೆ ಯಾಕೆ? ಟೆಂಪೋದವನನ್ನು ವಿಚಾರಿಸಿದ. ಅವನಿಗೆ ಗಾಡಿಯ ಬಣ್ಣವೇ ನೆನಪಿರಲಿಲ್ಲ.

"ನಾನ್ನೂರಾ ಚಿಲ್ಲರೆ ಏನೋ ಒಂದು ಇಟ್ಟುಬಿಡಿ. ಮೂವತ್ತೆಂಟು ವರ್ಷದ ಅಂಕಿ, ಯಾರು ನೆನಪಿಟ್ಟಿರ್ತಾರೆ?" ಎಂದಳು ಹೆಂಡತಿ. ಅವಳ ದನಿಯಲ್ಲಿ ಎಂದಿನ ಚೂಪು ಇರಲಿಲ್ಲ. ಅದರಿಂದಲೇ ಮೇಸ್ತ್ರಿಗೆ ಇನ್ನಷ್ಟು ಭಯವಾಯಿತು.

ಗುರುವಾರ ಎರಡು ಸಲ ನರ್ಸಮ್ಮನಿಗೆ ಫೋನ್ ಹಚ್ಚಿ, ಆ ಕಡೆ ಗಂಟೆ ಬಾರಿಸುವ ಮೊದಲೇ ಕತ್ತರಿಸಿದ. ಏನೆಂದು ಹೇಳುವುದು? ನಿಮ್ಮ ತಮ್ಮ ಬಿಟ್ಟುಹೋದದ್ದು ಅದೊಂದೇ, ಅದನ್ನು ಒರೆಸಿ ಹಾಕಿದೆ ಎಂದೇ? ಶುಕ್ರವಾರ ಒಬ್ಬ ಗಿರಾಕಿಯ ಗಾಡಿಗೆ ಆಯಿಲ್ ತುಂಬದೆ ಕೊಡಲು ಹೋಗಿ ಹೆಂಡತಿಯಿಂದ ಬೈಸಿಕೊಂಡ. ಅದೇ ಸಂಜೆ ಮನಸ್ಸು ಕಲ್ಲು ಮಾಡಿಕೊಂಡು ಅಂಕಿಗಳನ್ನು ಮೂರು ಸಾವಿರದ ನಾನ್ನೂರಾರಕ್ಕೆ ತಿರುಗಿಸಿ ಗಾಜು ಮುಚ್ಚಿದ. ಶನಿವಾರ ಗಾಡಿಯನ್ನು ಆರು ಕಿಲೋಮೀಟರು ಓಡಿಸಿ ನೋಡಿದ. ಎಂಜಿನ್ ಒಂದು ಅಪಸ್ವರವಿಲ್ಲದೆ ಹಾಡುತ್ತಿತ್ತು. ಬೇರೆ ದಿನವಾಗಿದ್ದರೆ ಅವನು ದಾರಿಯುದ್ದಕ್ಕೂ ತಾನೂ ಹಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನರ್ಸಮ್ಮ ಬಂದರು. ಮೇಸ್ತ್ರಿ ಕಿಕ್ ಹೊಡೆದ. ಎರಡನೆಯ ಒದೆತಕ್ಕೇ ಗಾಡಿ ಎದ್ದಿತು. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿ ನಿಂತರು. ಇಷ್ಟಕ್ಕೇ ಮುಗಿದುಹೋಗಲಿ ಎಂದು ಮೇಸ್ತ್ರಿ ಬೇಡಿಕೊಂಡ. ಮುಗಿಯಲಿಲ್ಲ. ಅವರು ಕಣ್ಣೊರೆಸಿಕೊಂಡು, ಅದೇ ಕರವಸ್ತ್ರದಿಂದ ಮೀಟರಿನ ಗಾಜನ್ನು ಒರೆಸಿದರು. ಒರೆಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಆ ಕೈಗೂ ಅದು ಹಳೆಯ ಅಭ್ಯಾಸ.

"ಓಡಿಸಿ ನೋಡಿದ್ರಾ?"

"ಆರು ಕಿಲೋಮೀಟರ್ ಸಿಸ್ಟರ್. ಬೆಣ್ಣೆ ಥರ ಹೋಗ್ತದೆ" ಎಂದ ಮೇಸ್ತ್ರಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ನರ್ಸಮ್ಮ ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಓಡಿಸಿದ್ರೆ ಜಾಸ್ತಿ ಆಗಬೇಕಲ್ವಾ ಮೇಸ್ತ್ರಿ? ಪ್ರತಿ ಭಾನುವಾರ ಟಾರ್ಪಾಲ್ ಎತ್ತಿ ಈ ಗಾಜು ಒರೆಸ್ತಿದ್ದೆ. ಮೂರು ಸಾವಿರದ ನಾನ್ನೂರ ಮೂವತ್ತೊಂದು ಇತ್ತು. ಈಗ ನಾನ್ನೂರ ಹನ್ನೆರಡು ಇದೆ. ಹತ್ತೊಂಬತ್ತು ಕಮ್ಮಿ."

ಹೊಲಿಗೆ ಯಂತ್ರದ ಸದ್ದು ನಿಂತಿತು. ಒಂದು ಸುಳ್ಳು ಬಾಯಿಯ ತನಕ ಬಂದಿತ್ತು: ಹಳೇ ಮೀಟರು, ಒಂದೊಂದು ಸಲ ಜಾರುತ್ತದೆ. ಹೇಳಿದ್ದರೆ ಅವರು ನಂಬುತ್ತಿದ್ದರೋ ಏನೋ. ಆದರೆ ಮೇಸ್ತ್ರಿಗೆ ತಪ್ಪು ಲೆಕ್ಕ ಕೇಳಿ ಸುಮ್ಮನಿರಲು ಬರುವುದಿಲ್ಲ.

"ಹತ್ತೊಂಬತ್ತಲ್ಲ ಸಿಸ್ಟರ್, ಇಪ್ಪತ್ತೈದು. ಆರು ನಾನು ಓಡಿಸಿದ್ದು ಸೇರಿದೆಯಲ್ಲ." ಆಮೇಲೆ ತಡೆಯದೆ ಎಲ್ಲವನ್ನೂ ಹೇಳಿದ. ಸೊನ್ನೆ, ಬೆರಳು, ಸೀಟಿನ ಪಟ್ಟಿಯ ಜಗಳ, ಕತ್ತರಿಸಿದ ಎರಡು ಫೋನು. "ಈಗಲೇ ಬಿಚ್ಚಿ ಸರಿ ಮಾಡಿಕೊಡ್ತೀನಿ. ಹತ್ತು ನಿಮಿಷದ ಕೆಲಸ."

"ಬೇಡ!" ನರ್ಸಮ್ಮನ ದನಿಗೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಅದಕ್ಕೆ ಇನ್ನೊಂದು ಸಲ ಬೆರಳು ಹಾಕಬೇಡಿ. ಓಡಿಸಿಯೇ ತುಂಬಿಸಿ. ನಾನೂ ಬರ್ತೀನಿ, ನಿಮ್ಮ ಮಾತಿನ ಮೇಲೆ ಬಿಡೋಕಾಗಲ್ಲ."

ಆ ಮಾತಿನಿಂದ ಅವನಿಗೆ ಕೆನ್ನೆಗೆ ಬಾರಿಸಿದಷ್ಟು ನೋವಾಯಿತು. ಮಾಡಿದ್ದುಣ್ಣೋ ಮಹರಾಯ. ಹೆಂಡತಿ ಬಿಳಿ ಪಟ್ಟಿಯ ಹೊಸ ಸೀಟನ್ನು ಒರೆಸಿ ಕೊಟ್ಟಳು. ನರ್ಸಮ್ಮ ಹತ್ತುವ ಮೊದಲು ಒಂದು ಕ್ಷಣ ಹಿಂಜರಿದು ನಿಂತರು. ಆಮೇಲೆ ಕೂತರು.

ಊರಿನ ಹೊರರಸ್ತೆಯಲ್ಲಿ ನಲವತ್ತರ ಮೇಲೆ ಏರಿಸದೆ ಓಡಿಸಿದ. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಮೀಟರಿನ ಮೇಲೆ. ಎಲ್ಲೋ ಒಂದು ಬೋಲ್ಟು ಗಿಲಗಿಲ ಅಲ್ಲಾಡಿದಂತೆ ಕೇಳಿದರೂ ಬೆವರು ಒಡೆಯುತ್ತಿತ್ತು. ನಾನ್ನೂರ ಇಪ್ಪತ್ತಾಯಿತು, ಇಪ್ಪತ್ತೆಂಟಾಯಿತು. ಮೂವತ್ತೊಂದು ಮೇಲೆ ಬಂದು ಕೂತದ್ದೇ ಅವನ ಹೆಗಲ ಮೇಲೆ ಎರಡು ಬೆರಳು ತಟ್ಟಿದವು.

"ನಿಲ್ಲಿಸಿ."

ರಸ್ತೆಯ ಬದಿಗೆ ನಿಲ್ಲಿಸಿದ. ನರ್ಸಮ್ಮ ಇಳಿದು ಗಾಜು ಒರೆಸಿ, ಬಗ್ಗಿ ನೋಡಿದರು. ಮೂರು ಸಾವಿರದ ನಾನ್ನೂರ ಮೂವತ್ತೊಂದು. ಅವರು ಬಯ್ಯಲಿ, ಅಳಲಿ, ಏನಾದರೂ ಮಾಡಲಿ ಎಂದು ಮೇಸ್ತ್ರಿ ಕಾದ.

"ನನ್ನನ್ನ ಒಂದು ದಿನವೂ ಹಿಂದೆ ಕೂರಿಸಿಕೊಳ್ಳಲಿಲ್ಲ ಅವನು" ಎಂದರು ಕೊನೆಗೆ. "ಕೇಳಿದಾಗೆಲ್ಲ, ಇನ್ನೂ ಕೈ ಕೂತಿಲ್ಲ ಅಕ್ಕಾ, ಬೀಳಿಸಿಬಿಡ್ತೀನಿ, ಐದು ಸಾವಿರ ಆಗಲಿ ಅಂತಿದ್ದ. ಅದಕ್ಕೇ ಭಾನುವಾರ ಭಾನುವಾರ ನೋಡ್ತಿದ್ದೆ. ನಿಂತ ಗಾಡಿಯ ಅಂಕಿ ಏರಲ್ಲ ಅಂತ ಗೊತ್ತಿಲ್ಲವಾ? ಆದ್ರೂ ನೋಡ್ತಿದ್ದೆ."

ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಮೇಸ್ತ್ರಿ ಕ್ಷಮಿಸಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಲೆಕ್ಕ.

"ಐದು ಸಾವಿರಕ್ಕೆ ಇನ್ನು ಸಾವಿರದ ಐನೂರ ಅರವತ್ತೊಂಬತ್ತು ಬೇಕು ಸಿಸ್ಟರ್. ಇನ್ಮೇಲೆ ಭಾನುವಾರ ಶೆಡ್ಡಿಗೆ ರಜೆ ಕೊಡ್ತೀನಿ. ವಾರಕ್ಕೆ ಮೂವತ್ತಾದ್ರೂ ಓಡಿಸಿದ್ರೆ ಒಂದು ವರ್ಷ. ನಾನು ಬರ್ತೀನಿ."

ನರ್ಸಮ್ಮ ಅವನನ್ನು ಬೆಳಗಿನಿಂದ ಮೊದಲ ಸಲ ನೇರವಾಗಿ ನೋಡಿದರು. ಕರವಸ್ತ್ರ ಮಡಿಸಿ ಚೀಲದಲ್ಲಿಟ್ಟುಕೊಂಡು, ಅವನ ಹೆಗಲು ಹಿಡಿದು ಹತ್ತಿ ಕೂತರು.

"ಬನ್ನಿ. ಆದರೆ ಹೊರಡೋವಾಗ ಒಂದ್ಸಲ, ಬಂದ ಮೇಲೆ ಒಂದ್ಸಲ, ಮೀಟರ್ ನಾನು ನೋಡ್ತೀನಿ."