ದೀಪಾವಳಿ ಸೂಟಿಯ ಮೌನ

ಎಪ್ಪತ್ತರ ದಶಕದ ನಡುವಿನ ಮಾತು. ದೇವಣಗಾಂವದ ಹತ್ತಿರದ ಹಳ್ಳಿಯೊಂದರ ಶಾಲೆಗೆ ನಾನು ಶಿಕ್ಷಕಿಯಾಗಿ ಬಂದು ಮೂರು ವರ್ಷವಾಗಿತ್ತು. ನನ್ನೂರು ಬಸವನ ಬಾಗೇವಾಡಿ. ಅವ್ವ ಅಲ್ಲಿ ಅಣ್ಣನ ಸಂಸಾರದ ಜೊತೆಗಿದ್ದಳು. ಇಲ್ಲಿ ನನಗೊಂದು ಬಾಡಿಗೆ ಕೋಣೆ. ಶಾಲೆ ಬಿಟ್ಟರೆ ಮರುದಿನ ಹಾಜರಿ ಕೂಗುವವರೆಗೆ ಬಾಯಿಂದ ಒಂದು ಮಾತೂ ಹೊರಡದ ದಿನಗಳು ಎಷ್ಟೋ.

ಒಂದು ಮಧ್ಯಾಹ್ನ ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನಿಂದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಹೋಗಿ ರೂಲರಿನಿಂದ ಹೊಡೆದೆ. ರೂಲರು ಮುರಿದ ಮೇಲೂ ಕೈ ನಿಲ್ಲಲಿಲ್ಲ. ಅವಳು ಅಳಲಿಲ್ಲ, ಸುಮ್ಮನೆ ನನ್ನನ್ನೇ ನೋಡಿದಳು. ನನಗೆ ನನ್ನದೇ ಭಯವಾಯಿತು.

ಸಂಜೆ ಮುಖ್ಯಾಧ್ಯಾಪಕರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. ಕಪಾಟಿನಿಂದ ಒಂದು ಕಾಗದ ತೆಗೆದರು.

"ಲಚ್ಯಾಣದ ಕಡೆ ಸಾಲಿ ಕಲಿಸೋರಿಗಂತ ಧ್ಯಾನದ ಶಿಬಿರ ಐತ್ರಿ, ಹತ್ತು ದಿನ. ಸಿಟ್ಟು ಹತೋಟಿಗಿ ಬರ್ತೈತಿ ಅಂತಾರ. ಆದ್ರ ಸರ್ಕಾರ ಒಂದು ಪೈಸಾ ಕೊಡಂಗಿಲ್ಲ. ಊಟದ ಖರ್ಚ ನಿಮ್ಮದ, ಬಸ್ಸಿನ ಖರ್ಚ ನಿಮ್ಮದ. ದೀಪಾವಳಿ ಸೂಟ್ಯಾಗ ಇಟ್ಟಾರ, ಅದೂ ನಿಮ್ಮದ."

ರಜೆಗೆ ಊರಿಗೆ ಹೋಗಲು, ಅವ್ವನಿಗೊಂದು ಇಳಕಲ್ ಸೀರೆ ಒಯ್ಯಲು ಕೂಡಿಟ್ಟ ದುಡ್ಡಿತ್ತು. ಅದನ್ನೇ ಶಿಬಿರಕ್ಕೆ ಕಟ್ಟಿದೆ. ಅವ್ವ ಅಣ್ಣನ ಕೈಯಲ್ಲಿ ಪತ್ರ ಬರೆಸಿದಳು: "ಕಣ್ಣ ಮುಚ್ಚಿ ಕುಂದ್ರಾಕ ಅಷ್ಟು ದೂರ ಯಾಕ ಹೋಗ್ತಿ? ಇಲ್ಲೇ ಬಂದು ಕುಂದ್ರು."

ನಿಜ ಹೇಳಬೇಕೆಂದರೆ, ಧ್ಯಾನಕ್ಕಿಂತ ಹೆಚ್ಚಾಗಿ ನಾಲ್ಕು ಜನ ಮಾತಿಗೆ ಸಿಗುತ್ತಾರೆಂಬ ಆಸೆಯಿಂದ ಹೊರಟಿದ್ದೆ. ಇಂಡಿಯಲ್ಲಿ ಬಸ್ಸು ಬದಲಿಸಿ ಶಿಬಿರ ಮುಟ್ಟಿದ ಕೂಡಲೇ ಮೊದಲ ನಿಯಮ ಹೇಳಿದರು: ಹತ್ತು ದಿನ ಯಾರೂ ಮಾತಾಡುವಂತಿಲ್ಲ.

ಕಣ್ಣು ಮುಚ್ಚಿ ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸಬೇಕಿತ್ತು. ಉಳಿದವರಿಗೆ ಮೌನ ಹೊಸದು, ಚಡಪಡಿಸುತ್ತಿದ್ದರು. ನನಗೆ ಅದೇ ಕೋಣೆ, ಗೋಡೆ ಮಾತ್ರ ಬೇರೆ. ಹಬ್ಬದ ದಿನ ದೂರದಲ್ಲಿ ಪಟಾಕಿ ಸಿಡಿದಾಗ ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. ಪಕ್ಕದಲ್ಲಿ ಕೂತಿದ್ದ ಶಿಕ್ಷಕಿ ಕಣ್ಣೊರೆಸಿಕೊಳ್ಳಲೆಂದು ತಮ್ಮ ಸೆರಗಿನ ತುದಿಯನ್ನು ನನ್ನ ಕೈಯಲ್ಲಿಟ್ಟರು.

ಕೊನೆಯ ದಿನ ಮಾತಿಗೆ ಅಪ್ಪಣೆ ಸಿಕ್ಕಾಗ ಅವರ ಬಸ್ಸು ಬಂದೇಬಿಟ್ಟಿತ್ತು. "ನಂದು ಮುದ್ದೇಬಿಹಾಳ್ರಿ. ನಿಮಗ ಭಾಳ ಕೇಳೂದಿತ್ತು," ಎನ್ನುತ್ತ ಓಡಿ ಹತ್ತಿದರು. ವಿಳಾಸ ಕೇಳಲೂ ಆಗಲಿಲ್ಲ.

ಶಾಲೆ ತೆರೆದ ವಾರವೇ ಮಕ್ಕಳ ಗದ್ದಲಕ್ಕೆ ಕೈ ಮೇಲೆದ್ದಿತು. ಉಸಿರು ನೆನಪಾಯಿತು, ಹಾಗೇ ನಿಂತೆ. ಅವತ್ತು ಹೊಡೆತ ತಿಂದಿದ್ದ ಹುಡುಗಿಯೇ ಎದ್ದು ನಿಂತು, "ಬಾಯೇರ, ಹೊಡದಬಿಡ್ರಿ. ಸುಮ್ಮ ನಿಂತ್ರ ಅಂಜಿಕಿ ಬರ್ತೈತಿ," ಎಂದಳು. ನಗು ಬಂತು. "ಇನ್ನ ಹೊಡಿಯಂಗಿಲ್ಲ ಯವ್ವಾ. ಅವತ್ತ ನಂದ ತಪ್ಪಾತು," ಎಂದೆ. ಆಮೇಲೆ ಯಾವ ಮಗುವಿನ ಮೇಲೂ ಕೈ ಮಾಡಲಿಲ್ಲ.

ಮುಖ್ಯಾಧ್ಯಾಪಕರು, "ಉಪಯೋಗ ಆತೇನ್ರಿ? ಮುಂದಿನ ವರ್ಷ ಮತ್ತೊಬ್ಬರನ್ನ ಕಳಸೂಣೇನು?" ಎಂದು ಕೇಳಿದರು.

"ಕಳಸ್ರಿ ಸರ್. ಆದ್ರ ಖರ್ಚು ಸರ್ಕಾರ ಕೊಡ್ಲಿ. ಮತ್ತ ದಿನಾ ಒಂದು ತಾಸರ ಮಾತಾಡಾಕ ಬಿಡ್ಲಿ."

ಅವರು ನಕ್ಕು, ಮೊದಲನೆಯದನ್ನಷ್ಟೇ ಬರೆದು ಮೇಲಿನವರಿಗೆ ಕಳಿಸಿದರು. ಉತ್ತರ ಬರಲಿಲ್ಲ, ಮರುವರ್ಷ ನಮ್ಮ ಶಾಲೆಯಿಂದ ಯಾರೂ ಹೋಗಲಿಲ್ಲ. ಸಿಟ್ಟು ಇಳಿದಿತ್ತು. ಆದರೆ ಸಂಜೆ ಕೋಣೆಯ ಬಾಗಿಲು ತೆರೆದಾಗ ಒಳಗಿನಿಂದ "ಬಂದೇನ?" ಎನ್ನುವವರು ಆಗಲೂ ಯಾರೂ ಇರಲಿಲ್ಲ.