ಸೋಲುವ ಪಕ್ಷದ ಏಜೆಂಟರು

ಮತಗಟ್ಟೆ ಅಧಿಕಾರಿಯಾಗಿ ಹೋಗಿದ್ದ ವಾಮನ ಮಾಸ್ತರರು ಶ್ರೀಪಾದರಾಯರನ್ನು ಮೊದಲು ಕಂಡದ್ದು ಎಪ್ಪತ್ತೇಳರ ಲೋಕಸಭೆ ಚುನಾವಣೆಯ ದಿನ, ಆಳಂದದ ತೊಗರಿ ವ್ಯಾಪಾರಿಗಳ ಬಡಾವಣೆಯ ಮತಗಟ್ಟೆಯಲ್ಲಿ. ಅಲ್ಲಿ ರಾಯರು ಪ್ರತಿ ಸಲವೂ ಸೋಲುವ ಪಕ್ಷದ ಏಜೆಂಟರು. ಮನೆಮುಂದೆ ಸ್ವಂತ ಕಾರು ನಿಂತಿದ್ದರೂ ಪಕ್ಷದ ಜೀಪು ಬಾರದೆ ಅಲ್ಲಿನ ಬಂಗಲೆಯವರು ಹೊರಗೆ ಕಾಲಿಡುತ್ತಿರಲಿಲ್ಲ. "ಏಳ್ರಿ ಸಾವಕಾರ್ರ, ದೇಶ ಕಾಯಾಕತ್ತದ!" ಎಂದು ಗೇಟಿನಲ್ಲಿ ಕೂಗಿ ರಾಯರೇ ಅವರನ್ನು ತಮ್ಮ ಪಕ್ಷದ ಜೀಪಿನಲ್ಲಿ ಕರೆತರುತ್ತಿದ್ದರು, ಅವರು ಎದುರು ಪಕ್ಷಕ್ಕೆ ಮತ ಹಾಕಿ ಅದೇ ಜೀಪಿನಲ್ಲಿ ಮರಳುತ್ತಿದ್ದರು. "ರಾಯರ, ನಿಮ್ಮಂಥಾ ಕಾರ್ಯಕರ್ತರು ನಮ್ಮ ಪಕ್ಷದಾಗ ಒಬ್ಬರೂ ಇಲ್ರಿ," ಎಂದು ಎದುರು ಪಕ್ಷದ ಏಜೆಂಟರಾದ ಅಬ್ದುಲ್ ಗನಿ ಗಂಭೀರವಾಗಿ ಹೊಗಳುತ್ತಿದ್ದರು. "ಮುಂದಿನ ಸಲ ಅದ ನಿನಗ, ಸುಮ್ಮ ಕೂಡೋ," ಎನ್ನುತ್ತಿದ್ದರು ರಾಯರು. ಬಂಗಲೆಗಳಿಗೆ ಮಾಳಿಗೆ ಏರಿದವು, ದಿಲ್ಲಿಯಲ್ಲಿ ಸರಕಾರಗಳು ಬಿದ್ದವು. ರಾಯರ ಪಕ್ಷ ಮಾತ್ರ ಸೋಲುವುದನ್ನು ಬಿಡಲಿಲ್ಲ. ತೊಂಬತ್ತೊಂದರ ಹೊತ್ತಿಗೆ ಗನಿಯವರ ಕಣ್ಣು ಪೂರ್ತಿ ಹೋಗಿತ್ತು. ಕಣ್ಣು ಕಾಣದವರ ಬದಲು ಅವರು ನಂಬಿದ ಒಬ್ಬರು ಮುದ್ರೆ ಒತ್ತಬಹುದೆಂದು, ಆ ಸಲವೂ ಅಧಿಕಾರಿಯಾಗಿದ್ದ ಮಾಸ್ತರರು ತಿಳಿಸಿದಾಗ, ಗನಿಯವರು ಜೊತೆಗಿದ್ದ ಮಗನನ್ನು ಬಿಟ್ಟು, "ನಮ್ಮ ರಾಯರನ್ನ ಕರೀರಿ," ಎಂದರು. ರಾಯರು ಮರೆಯೊಳಗೆ ಬಹಳ ಹೊತ್ತು ನಿಂತರು. ಹೊರಬಂದು, "ನಿನ್ನ ಪಕ್ಷಕ್ಕೇ ಒತ್ತೀನೋ. ಕೈ ಸುಟ್ಟಂಗಾತು," ಎಂದರು. "ಗೊತ್ತದರಿ," ಎಂದರು ಗನಿ. ಈಗ ರಾಯರಿಗೆ ಏಜೆಂಟಗಿರಿ ಇಲ್ಲ. ಚುನಾವಣೆ ಬಂದಾಗ ಗೆಳೆಯ ಗನಿಯವರ ಕೈಹಿಡಿದು ಬರುತ್ತಾರೆ, ಅವರದೊಂದು ಮತ, ತಮ್ಮದೊಂದು ಮತ ಹಾಕುತ್ತಾರೆ. ಒಂದನ್ನೊಂದು ಅಳಿಸಿಹಾಕುವ ಆ ಎರಡು ಮತಗಳನ್ನು ಮತಗಟ್ಟೆಯಲ್ಲಿ ಬಿಟ್ಟು, ಇಬ್ಬರೂ ವಾದಿಸುತ್ತ ಮನೆಗೆ ನಡೆಯುತ್ತಾರೆ.