ದಾದಾನ ಬಿಲ್ಲೆಗಳು ಹೊಳೆಯಬೇಕಿಲ್ಲ

ಅಬ್ಬಾ ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ತಮ್ಮ ಟ್ರಂಕಿನಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಅಣ್ಣ ಪಕ್ಕದಲ್ಲೇ ಕೂತಿದ್ದ. ಡಬ್ಬಿಯಲ್ಲಿ ದಾದಾನ, ಅಂದರೆ ಅಬ್ಬಾನ ಅಪ್ಪನ, ಮಿಲ್ಟ್ರಿ ಬಿಲ್ಲೆಗಳಿದ್ದವು: ನಕ್ಷತ್ರದಾಕಾರದ ಒಂದು ಹಿತ್ತಾಳೆಯ ಟೋಪಿ ಬಿಲ್ಲೆ, ಹೆಗಲಿಗೆ ಸಿಕ್ಕಿಸುವ ಇಂಗ್ಲಿಷ್ ಅಕ್ಷರಗಳ ಒಂದು ಪಟ್ಟಿ, ಎರಡು ಪದಕ. ಒಂದು ಪದಕಕ್ಕೆ ಮಾತ್ರ ರಿಬ್ಬನ್ನಿನ ಚೂರು ಉಳಿದಿತ್ತು.

“ಹೆಣ್ಣುಮಕ್ಕಳ ಮನ್ಯಾಗ ಪಲ್ಟನ್ ಬಿಲ್ಲೆ ಇಟಗೊಂಡು ಏನ್ ಮಾಡ್ತಾಳ ಇಕಿ?” ಎಂದ ಅಣ್ಣ.

“ಸಣ್ಣಾಕಿ ಇದ್ದಾಗಿಂದ ಇವನ್ನ ಕೇಳಿದಾಕಿ ಇಕಿ ಒಬ್ಬಾಕಿನ,” ಎಂದರು ಅಬ್ಬಾ.

ಮನೆಯಲ್ಲಿ ನಾವು ಆಡುವುದು ಉರ್ದು. ಜಗಳಕ್ಕೆ ಮಾತ್ರ ಯಾಕೋ ಕನ್ನಡಕ್ಕೆ ಬರುತ್ತೇವೆ.

ದಾದಾ ಎರಡನೆಯ ಮಹಾಯುದ್ಧದಲ್ಲಿ, ಬ್ರಿಟಿಷರ ಪಲ್ಟನ್ನಿನಲ್ಲಿದ್ದಾಗ, ಬರ್ಮಾದ ಕಾಡಿನಲ್ಲಿ ಬಂದೂಕು ಹಿಡಿದು ಶತ್ರುಗಳನ್ನು ಸಾಲಾಗಿ ಉರುಳಿಸಿದರೆಂಬುದು ನಮ್ಮ ಮನೆತನದ ಕಥೆ. ರಾಣೇಬೆನ್ನೂರಿನಲ್ಲಿ ಅಣ್ಣನದು ಬೀಜದ ಅಂಗಡಿ. ಬಿತ್ತನೆ ಬೀಜ ಕೊಳ್ಳಲು ಬಂದವರು ಈ ಕಥೆ ಕೇಳದೆ ಅಂಗಡಿ ಇಳಿಯುತ್ತಿರಲಿಲ್ಲ. ದಾದಿ, ಅಂದರೆ ಅಬ್ಬಾನ ಅಮ್ಮ, ಇದ್ದಷ್ಟು ದಿನ ಪ್ರತಿ ರಂಜಾನಿಗೆ ಮುಂಚೆ ಬಿಲ್ಲೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬಂಗಾರದಂತೆ ಮಾಡುತ್ತಿದ್ದಳು. ಆ ಪ್ರೀತಿಗೆ ಹೆಗಲ ಪಟ್ಟಿಯ ಅಕ್ಷರಗಳು ಅರ್ಧ ಸವೆದೇ ಹೋಗಿದ್ದವು. ಏನು ಬರೆದಿದೆಯೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ.

ನಾನು ಹಾವೇರಿಯ ಕೋರ್ಟಿನೆದುರು ಟೈಪಿಂಗ್ ಮಾಡುವವಳು. ದಿನಾ ಬ್ಯಾಡಗಿಯಿಂದ ರೈಲಿಗೆ ಹೋಗಿ ಬರುತ್ತೇನೆ. ಒಮ್ಮೆ ಅಗಡಿ ಊರಿನ ಒಬ್ಬ ನಿವೃತ್ತ ಸುಬೇದಾರರು ಪಿಂಚಣಿಯ ಅಫಿಡವಿಟ್ಟು ಮಾಡಿಸಲು ಬಂದರು. ಕಾಗದ ಮುಗಿದ ಮೇಲೆ ಅಳುಕುತ್ತಲೇ ಕೇಳಿದೆ, “ಸುಬೇದಾರ್ರ, ಹಳೇ ಬಿಲ್ಲೆ ನೋಡಿ ಯಾವ ಪಲ್ಟನ್ದು ಅಂತ ಹೇಳಾಕ ಬರ್ತೈತೇನ್ರಿ?”

ಮರುವಾರ ಅವರು ತಮ್ಮ ಭೂತಗನ್ನಡಿ ತಂದರು. ಬಿಲ್ಲೆಗಳನ್ನು ಬಿಳಿ ಕರ್ಚೀಪಿನ ಮೇಲೆ ಹರವಿ, ಟೋಪಿ ಬಿಲ್ಲೆಯ ಹಿಂದಿನ ಕೊಂಡಿ ನೋಡಿದರು, ಹೆಗಲ ಪಟ್ಟಿಯ ಸವೆದ ಅಕ್ಷರಗಳನ್ನು ಬೆರಳಿನಿಂದ ತಡವಿದರು. ಆಮೇಲೆ ಪದಕವನ್ನು ಬೋರಲು ಹಾಕಿ, ಮೊಬೈಲಿನ ಬೆಳಕನ್ನು ಮೇಲಿನಿಂದಲ್ಲ, ಓರೆಯಾಗಿ ಬಿಡಲು ಹೇಳಿದರು. ನುಣ್ಣಗಿದೆಯೆಂದು ನಾನು ತಿಳಿದಿದ್ದ ಬೆನ್ನಿನ ಮೇಲೆ ಸಣ್ಣ ಅಕ್ಷರಗಳು ಎದ್ದು ನಿಂತವು. ಒಂದು ನಂಬರು. ಮೂರು ಇಂಗ್ಲಿಷ್ ಅಕ್ಷರ. ಆಮೇಲೆ ತಪ್ಪು ತಪ್ಪಾಗಿ ದಾದಾನ ಹೆಸರು.

ನನ್ನ ಕಣ್ಣು ತುಂಬಿ ಬಂತು. ಆ ಹೆಸರನ್ನು ಲೋಹದ ಮೇಲೆ ನಾನು ಎಂದೂ ಕಂಡಿರಲಿಲ್ಲ.

“ಪದಕ ಖರೇ ಅದಾವ್ರಿ ಅಕ್ಕಾರ. ಇದರಾಗ ಒಂದು ಬರ್ಮಾ ಸ್ಟಾರ್ ಅನ್ನೋ ಪದಕ,” ಎಂದರು ಸುಬೇದಾರರು. ಆಮೇಲೆ ಟೋಪಿ ಬಿಲ್ಲೆ ಎತ್ತಿ ಹಿಡಿದು, “ಆದ್ರ ಇದು ಬಂದೂಕಿನವರ ಬಿಲ್ಲೆ ಅಲ್ರಿ. ರೇಷನ್, ಮದ್ದುಗುಂಡು, ನೀರು ಹೊರಿಸೋರದು. ಪದಕದ ಮ್ಯಾಲಿನ ಮೂರು ಅಕ್ಷರ ಡ್ರೈವರ್ ಅಂತ. ಮೋಟಾರ್ ಹೊಡೆಯೋರಿಗೂ ಅದ, ಹೇಸರಗತ್ತಿ ಹೊಡೆಯೋರಿಗೂ ಅದ. ನಿಮ್ಮ ಹಿರೇರು ಏನ್ ಹೊಡೀತಿದ್ರು, ಮನ್ಯಾಗ ಕೇಳ್ರಿ.” ಎದ್ದು ಹೊರಟವರು ತಿರುಗಿ ಹೇಳಿದರು: “ಹೊಳೀಲಿ ಅಂತ ಇನ್ನ ತಿಕ್ಕಬ್ಯಾಡ್ರಿ. ಈ ಕಪ್ಪು ಇದ್ರನ ಹಿತ್ತಾಳಿ ಬಾಳತೈತಿ.”

ಕೇಳಲು ಉಳಿದಿದ್ದವಳು ಬ್ಯಾಡಗಿಯಲ್ಲೇ ಇರುವ ಫುಫ್ಫು, ಅಬ್ಬಾನ ಅಕ್ಕ. ಎಂಬತ್ತರ ಹತ್ತಿರದವಳು. ಅವಳು ಉರ್ದುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಖಚ್ಚರ್ ಹೊಡೀತಿದ್ರು, ಮತ್ತೇನು? ಹೇಸರಗತ್ತಿ. ಮೂರು ಇದ್ವಂತ ಅವರ ಕೈಯಾಗ. ಕಾಡಿನಾಗ ಕೂಗಿದ್ರ ಶತ್ರುಗಳಿಗೆ ಗೊತ್ತಾಗತೈತಿ ಅಂತ ಅವುಗಳ ಗಂಟಲಾಗಿನ ದನಿ ಕೊಯ್ದಿದ್ರು. ಬಾಯಿ ತೆರಿತಿದ್ವು, ದನಿ ಬರ್ತಿರಲಿಲ್ಲ. ಅದನ್ನ ಹೇಳುವಾಗ ನಿಮ್ಮ ದಾದಾ ತಮ್ಮ ಗಂಟಲಾ ಮುಟಗೋತಿದ್ರು. ಹೋಗುವಾಗ ಮದ್ದು ಹೇರೋದು, ಬರುವಾಗ ಗಾಯ ಆದವರನ್ನ ಹೇರೋದು. ಬಂದೂಕಿನ ಕಥಿ ಅವರು ಹೇಳಲೇ ಇಲ್ಲ. ಅದು ಹುಟ್ಟಿದ್ದು ಅವರು ಸತ್ತ ಮ್ಯಾಲ.”

ಅಂದಿನಿಂದ ನನಗೆ ದಾದಾ ಹೆಚ್ಚು ಹತ್ತಿರವಾದರು. ಅಣ್ಣನಿಗೂ ಹಾಗೇ ಆಗುತ್ತದೆಂದು ನಾನು ತಿಳಿದದ್ದು ನನ್ನ ತಪ್ಪು.

ಅದೇ ತಿಂಗಳು ಅವನ ಫೋನು ಬಂತು. ರಾಣೇಬೆನ್ನೂರಿನ ಒಂದು ಶಾಲೆಯಲ್ಲಿ ಊರ ಮನೆತನಗಳ ಹಳೆಯ ವಸ್ತುಗಳ ಪ್ರದರ್ಶನವಿತ್ತು. “ಬಿಲ್ಲೆ ಲಗೂ ತಗೊಂಡು ಬಾ. ಬಂಗಾರದ ನೀರು ಕುಡಿಸಿ, ಕೆಂಪು ಮಖಮಲ್ ಮ್ಯಾಲ ಅಂಟಿಸಿಬಿಡೋಣು. ಶತ್ರು ಸಂಹಾರಿ ವೀರಯೋಧ ಅಂತ ಬೋರ್ಡೂ ಬರಸೇನಿ.”

ನಾನು ಹೋದೆ, ಡಬ್ಬಿ ಒಯ್ಯಲಿಲ್ಲ. ಅಂಗಡಿಯಲ್ಲಿ ಅವನೆದುರು ಕೂತು ನೇರವಾಗಿ ಹೇಳಿದೆ, “ದಾದಾ ಬಂದೂಕು ಹಿಡಿದಾವ್ರಲ್ಲ. ಹೇಸರಗತ್ತಿ ಹೊಡೀತಿದ್ರು. ಪದಕದ ಮ್ಯಾಲ ಡ್ರೈವರ್ ಅಂತ ಬರದೈತಿ. ಫುಫ್ಫೂನೂ ಹೇಳ್ಯಾಳ.”

ಅವನು ಎದ್ದು ಶಟರು ಅರ್ಧ ಎಳೆದ. “ಮಂದಿ ಮುಂದ ನನ್ನ ಮರ್ಯಾದಿ ಏನಾಗಬೇಕು? ಇಷ್ಟು ವರ್ಷ ನಾ ಏನ್ ಹೇಳ್ಕೋತ ಬಂದೇನಿ ನಿನಗ ಗೊತ್ತಿಲ್ಲೇನು?”

“ನೀ ಹೇಳಿದ್ದು ನಿಂದು. ಬಿಲ್ಲೆ ಮ್ಯಾಲ ಇದ್ದದ್ದು ದಾದಾಂದು.”

“ಹಂಗಾರ ಬಿಲ್ಲೆ ನನಗ ಕೊಟ್ಟುಬಿಡು. ಗಂಡಮಕ್ಕಳ ಮನ್ಯಾಗ ಇರಲಿ.”

“ಕೊಡೂದಿಲ್ಲ. ಬಂಗಾರದ ನೀರೂ ಕುಡಸೂದಿಲ್ಲ, ಅಂಟೂ ಹಚ್ಚೂದಿಲ್ಲ.”

ಅಷ್ಟಕ್ಕೇ ಬಿಡಲಿಲ್ಲ. ಶಾಲೆಯ ಹೆಡ್‌ಮಿಸ್ಸಿಗೆ ನಾನೇ ಫೋನು ಮಾಡಿ ಒಂದು ಮೂಲೆ ಕೇಳಿಕೊಂಡೆ. ಗಾಜಿನ ಮುಚ್ಚಳದ ಪೆಟ್ಟಿಗೆ ಮಾಡಿಸಿದೆ. ಹತ್ತಾರು ಸಲ ಒಗೆದು ಮೆತ್ತಗಾಗಿದ್ದ ಹತ್ತಿಯ ಬಟ್ಟೆ ಹಾಸಿ, ಬಿಲ್ಲೆಗಳನ್ನು ಅವುಗಳ ಕೊಂಡಿಯಲ್ಲೇ ದಾರ ಪೋಣಿಸಿ ಕಟ್ಟಿದೆ. ಒಂದು ಪದಕವನ್ನು ಬೆನ್ನು ಮೇಲೆ ಮಾಡಿಟ್ಟೆ, ಹೆಸರು ಕಾಣಲೆಂದು. ಕೆಳಗೆ ನಾನೇ ಟೈಪು ಮಾಡಿದ ಚೀಟಿ: “ಇವರು ಯುದ್ಧದಲ್ಲಿ ಹೇಸರಗತ್ತೆ ನಡೆಸುತ್ತಿದ್ದರು. ಮದ್ದುಗುಂಡು, ನೀರು, ಗಾಯಾಳುಗಳನ್ನು ಸಾಗಿಸಿದರು. ಇವರು ಯಾರನ್ನಾದರೂ ಕೊಂದದ್ದು ನಮಗೆ ಗೊತ್ತಿಲ್ಲ.”

ಅಣ್ಣ ತನ್ನ ಬೋರ್ಡನ್ನು ಎದುರಿನ ಗೋಡೆಗೇ ತೂಗುಹಾಕಿದ್ದ. ಇಡೀ ದಿನ ನನ್ನ ಕಡೆ ನೋಡಲಿಲ್ಲ. ಅವನ ಗೆಳೆಯರಿಬ್ಬರು ಬಂದು ಚೀಟಿ ಓದಿ, “ಹೇಸರಗತ್ತಿ ಕಾಯೋದಕ್ಕೂ ಮೆಡಲ್ ಕೊಡತಿದ್ರೇನು?” ಎಂದು ನಕ್ಕರು.

“ಕೊಟ್ಟಾರ ನೋಡ್ರಿ, ಗಾಜಿನಾಗ ಐತಿ,” ಎಂದೆ.

ಮಧ್ಯಾಹ್ನ ಬಂದವನೊಬ್ಬನದು ಬೇರೆಯೇ ತಕರಾರು. ಗರಿಗರಿ ಬಿಳಿ ಅಂಗಿಯವನು. “ಬಿಳೇರ ಗುಲಾಮಗಿರಿ ಮಾಡಿದವರ ಬಿಲ್ಲೆ ಇವು. ಸಾಲ್ಯಾಗ ಯಾಕ ಇಟ್ಟೀರಿ? ತಗೀರಿ.”

ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ನಿಂತೆ. “ಬಿಳೇರ ಪಗಾರ ತಗೊಂಡಾರ, ಖರೇ ಐತ್ರಿ. ಬೇಕಾದ್ರ ಅದನ್ನೂ ಚೀಟ್ಯಾಗ ಬರೀತೀನಿ, ಮುಚ್ಚಿಡೂದಿಲ್ಲ. ಆದ್ರ ಪೆಟಗಿ ತಗಿಯೂದಿಲ್ಲ. ಇವರು ನಮ್ಮ ಹಿರೇರು. ನಿಮಗ ಬೇಕಾದಂಗ ಇವರನ್ನ ಹುಲಿ ಮಾಡಾಕೂ ಒಲ್ಲೆ, ಗುಲಾಮ ಮಾಡಾಕೂ ಒಲ್ಲೆ.”

ಅವನು ಹೆಡ್‌ಮಿಸ್ಸಿನ ಕೋಣೆಗೆ ಹೋದ. ಅವರು ಬಂದು ಚೀಟಿಯನ್ನು ಎರಡು ಸಲ ಓದಿದರು. “ಇರಲಿ ಬಿಡ್ರಿ,” ಎಂದು ಅವನನ್ನೇ ಕರೆದುಕೊಂಡು ಹೋದರು.

ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಹೇಸರಗತ್ತೆಯ ಗಂಟಲಿನ ಕಥೆ ಕೇಳಿ ಗಾಜಿನತ್ತ ಬಾಗಿದಳು. “ಯುದ್ಧ ಮುಗದ ಮ್ಯಾಲರ ಅವು ಕೂಗಿದ್ವೇನ್ರೀ?”

“ಇಲ್ಲವಾ. ಆಮ್ಯಾಲೂ ದನಿ ಬರಲಿಲ್ಲ.”

ಅವಳು ಎದುರಿನ ಬೋರ್ಡಿಗೆ ಹೋಗಿ ಓದಿದಳು, ಮತ್ತೆ ಬಂದಳು. ಅಣ್ಣನಿಗೆ ಕೇಳುವಂತೆಯೇ ಕೇಳಿದಳು: “ಎರಡರಾಗ ಯಾವುದ್ರಿ ಖರೇ?”

ನಾನು ಮೊಬೈಲಿನ ಬೆಳಕು ಓರೆಯಾಗಿ ಹಿಡಿದು ಅವಳಿಂದಲೇ ಪದಕದ ಬೆನ್ನು ಓದಿಸಿದೆ. ನಂಬರು, ಡ್ರೈವರ್ ಎಂಬುದರ ಮೂರು ಅಕ್ಷರ, ದಾದಾನ ಹೆಸರು, ಎಲ್ಲವನ್ನೂ ಒಂದೊಂದಾಗಿ ಕೂಡಿಸಿ ಅವಳು ಗಟ್ಟಿಯಾಗಿ ಓದಿದಳು. ಅಣ್ಣ ಹೊರಗೆ ಹೋದ.

ಎಂಟು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ಬಳಗದವರು ನನಗೇ ಬುದ್ಧಿ ಹೇಳಿದರು: ಮನೆತನದ ಮಾನ ಹೆಣ್ಣಾಗಿ ನೀನೇ ಕಳೆದೆಯಲ್ಲ ಎಂದು. ಕಳೆದದ್ದು ಒಂದು ಬಂದೂಕು ಮಾತ್ರ, ಅದೂ ನಮ್ಮದಾಗಿರಲಿಲ್ಲ ಎಂದೆ. ಡಬ್ಬಿ ನನ್ನ ನಂತರ ನನ್ನ ಮಗಳಿಗೆ ಎಂದು ಬರೆದಿಟ್ಟಿದ್ದೇನೆ, ಫುಫ್ಫು ಹೇಳಿದ್ದೆಲ್ಲವನ್ನೂ ಜೊತೆಗಿಟ್ಟು.

ಈ ಸಲದ ಬಕ್ರೀದಿಗೆ ಅಣ್ಣ ಕರೆಯದೆಯೇ ಬ್ಯಾಡಗಿಗೆ ಬಂದ. ಕೂತು ಚಹಾ ಕುಡಿದು, “ಎಲ್ಲೈತಿ ತೋರಸು,” ಎಂದ. ಕೈ ತೊಳೆದು ಒರೆಸಿಕೊ ಎಂದೆ. ಗೊಣಗುತ್ತ ತೊಳೆದು ಬಂದ. ಪದಕವನ್ನು ಕಿಟಕಿಯ ಬೆಳಕಿಗೆ ಅತ್ತಿತ್ತ ಹೊರಳಿಸಿ, ಚಷ್ಮಾ ತೆಗೆದು ಹಾಕಿ, ದಾದಾನ ಹೆಸರನ್ನು ಬಹಳ ಹೊತ್ತು ನೋಡಿದ.

“ಬೋರ್ಡು ಅಂಗಡ್ಯಾಗ ಹಾಕೇನಿ. ತಗಿಯೂದಿಲ್ಲ,” ಎಂದ.

“ನಾ ಚೀಟಿ ತಗಿಯೂದಿಲ್ಲ,” ಎಂದೆ.

ಬಿಲ್ಲೆಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು ಬಂದೆ. ಇಬ್ಬರೂ ಊಟಕ್ಕೆ ಕೂತೆವು.